ದ್ಯಾಮಕ್ಕ ತರಗತಿಗೆ ನಡೆದಳು

ತೆಲಿಗಿಯ ದ್ಯಾಮಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಿಂಡಿನಲ್ಲಿ ಯಾವ ಕುರಿ ಮೇವು ಬಿಟ್ಟಿದೆ ಎಂದು ದೂರದಿಂದಲೇ ಹೇಳಬಲ್ಲವಳು. ಆದರೆ ೧೯೯೯ರಲ್ಲಿ ಎಂಟು ವರ್ಷದ ಮಗಳು ರೋಜಾಳಿಗೆ ಏನಾಗಿದೆ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಮೊದಲು ಹುಡುಗಿ ಕಣ್ಣು ಪಿಳಿಪಿಳಿ ಮಿಟುಕಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಅದು ತಗ್ಗಿ, ಕತ್ತು ಒಂದು ಕಡೆಗೆ ಎಳೆಯತೊಡಗಿತು. ಜೊತೆಗೆ ಗಂಟಲಿನಿಂದ ‘ಹುಕ್, ಹುಕ್’ ಎಂಬ ಸದ್ದು. ಅತ್ತೆ ಕೆಂಚಕ್ಕ ಇದು ದೇವರ ಕಾಟವೆಂದು ತಾಯತ ಕಟ್ಟಿಸಿದಳು. ಮೇಷ್ಟ್ರು ಮಾರಣ್ಣ, ಹುಡುಗಿ ತಮ್ಮನ್ನು ಅಣಕಿಸುತ್ತಾಳೆಂದು ಬಗೆದು ಹೊರಗೆ ನಿಲ್ಲಿಸಿದರು. ದ್ಯಾಮಕ್ಕನೂ ಒಮ್ಮೆ ಸಿಟ್ಟಿನಲ್ಲಿ ಬೆನ್ನಿಗೆ ಗುದ್ದಿದಳು.

"ನಾ ಮಾಡಂಗಿಲ್ಲವ್ವಾ, ಅದ ಬರ್ತೈತಿ," ಎಂದು ರೋಜಾ ಅತ್ತಳು. "ತಡಕೊಂಡ್ರ ಒಳಗ ತುರಿಸಿದಂಗ ಆಕ್ಕೈತಿ."

ಗುದ್ದಿದ ಕೈ ಹಾಗೇ ನಿಂತಿತು. ಮರುದಿನವೇ ದ್ಯಾಮಕ್ಕ ಮಗಳೊಂದಿಗೆ ದಾವಣಗೆರೆಯ ಬಸ್ಸು ಹತ್ತಿದಳು.

ಮಕ್ಕಳ ಡಾಕ್ಟರ್ ಗಂಗಾಂಬಿಕಾ ಹುಡುಗಿಯನ್ನು ಬಹಳ ಹೊತ್ತು ಮಾತಾಡಿಸಿ ಪರೀಕ್ಷಿಸಿದರು. "ಇದಕ್ಕ ಟಿಕ್ ಅಂತಾರ. ಕಾಟನೂ ಅಲ್ಲ, ಕೆಟ್ಟ ಚಟನೂ ಅಲ್ಲ. ಮೆದುಳಿಂದ ಬರೋದು. ಬೈದ್ರ, ಅಂಜಿಸಿದ್ರ ಹೆಚ್ಚಾಕ್ಕೈತಿ. ಬಾಳ ಮಕ್ಕಳಿಗೆ ದೊಡ್ಡವರಾದಂಗ ಕಡಿಮಿ ಆಕ್ಕೈತಿ," ಎಂದರು. ಸದ್ಯಕ್ಕೆ ಮಾತ್ರೆ ಬೇಡ ಎಂದು ಹೇಳಿ, ಗಂಟಲಲ್ಲಿ ಆ ತುರಿಕೆ ಬಂದೊಡನೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದನ್ನು, ಕತ್ತು ಎಳೆಯುವ ಮೊದಲೇ ಗದ್ದ ತಗ್ಗಿಸಿ ಮೆಲ್ಲಗೆ ಬಿಗಿಹಿಡಿಯುವುದನ್ನು ಕಲಿಸಿದರು.

ತಾಯಿ ಮಗಳು ಕುರಿ ಮೇಯಿಸುತ್ತಲೇ ಅದನ್ನು ರೂಢಿ ಮಾಡಿದರು. ಅಡವಿಯಲ್ಲಿ ಸದ್ದು ತಗ್ಗಿತು. ಶಾಲೆಯಲ್ಲಿ ಹುಡುಗರು ‘ಹುಕ್’ ಎಂದು ರೇಗಿಸಿದರೆ ಸಾಕು, ಎಲ್ಲವೂ ಮರಳುತ್ತಿತ್ತು.

ಒಂದು ಬೆಳಗ್ಗೆ ದ್ಯಾಮಕ್ಕ ಕುರಿಗಳನ್ನು ಗಂಡ ಓಬಳೇಶಪ್ಪನಿಗೆ ಒಪ್ಪಿಸಿ ನೆಟ್ಟಗೆ ತರಗತಿಗೆ ನಡೆದಳು.

"ಸರ್, ಹತ್ತು ನಿಮಿಷ ಕೊಡ್ರಿ," ಎಂದವಳು ಮಕ್ಕಳತ್ತ ತಿರುಗಿದಳು. "ಎಲ್ಲಾರೂ ಕಣ್ಣು ಮಿಟುಕಿಸದಂಗ ನನ್ನ ನೋಡ್ರಿ. ಯಾರು ಗೆಲ್ತೀರಿ ನೋಡಾಣ."

ಕಣ್ಣುಗಳಲ್ಲಿ ನೀರಾಡಿತು. ಒಬ್ಬೊಬ್ಬರೇ ಸೋತರು. ತಾವೂ ಹಟಕ್ಕೆ ಬಿದ್ದಿದ್ದ ಮಾರಣ್ಣ ಕೊನೆಗೆ ಸೋತಾಗ ತರಗತಿಯೆಲ್ಲ ನಕ್ಕಿತು.

"ಬ್ಯಾಡಂದ್ರೂ ಬಂತಲ್ಲ? ನನ್ನ ಮಗಳಿಗೂ ಹಂಗ ಬರ್ತೈತಿ. ಇದು ಅಂಟೋ ರೋಗ ಅಲ್ಲ. ಬಂದಾಗ ನೀವು ನೋಡಿದ್ರೂ ನೋಡದಂಗ ಇರ್ರಿ, ಅಷ್ಟ ಸಾಕು."

ಮಾರಣ್ಣ ಎದ್ದು ನಿಂತರು. "ತಪ್ಪು ನಂದೈತಮ್ಮಾ," ಎಂದು ಮಕ್ಕಳೆದುರೇ ಹೇಳಿದರು. ಅಂದಿನಿಂದ ರೋಜಾಳನ್ನು ಯಾರೂ ರೇಗಿಸಲಿಲ್ಲ.

ಮುಂದಿನ ಆಗಸ್ಟ್ ಹದಿನೈದಕ್ಕೆ ರೋಜಾ ಧ್ವಜದ ಕೆಳಗೆ ನಿಂತು ಭಾಷಣ ಓದಿದಳು. ನಡುವೆ ಎರಡು ಸಲ ಕತ್ತು ಎಳೆಯಿತು. ಅವಳು ನಿಂತಳು, ಉಸಿರು ತೆಗೆದುಕೊಂಡಳು, ಬಿಟ್ಟ ಸಾಲಿನಿಂದಲೇ ಮುಂದುವರಿಸಿದಳು. ಚಪ್ಪಾಳೆ ಮೊದಲು ಶುರುಮಾಡಿದವರು ಅವಳ ತರಗತಿಯವರೇ.

ಸುದ್ದಿ ಹಬ್ಬಿತು. ಬಾಗಳಿಯ ಎರ್ರಮ್ಮ ಹೆಗಲು ಕುಣಿಸುವ ಮಗನನ್ನು ಕರೆತಂದಳು. ದ್ಯಾಮಕ್ಕನೇ ಅವರನ್ನು ದಾವಣಗೆರೆಗೆ ಕರೆದೊಯ್ದಳು. ಆಮೇಲೆ ಇನ್ನೂ ನಾಲ್ಕು ತಾಯಂದಿರು ಬಂದರು.

೨೦೦೭ರಲ್ಲಿ ರೋಜಾ ಎಸ್ಸೆಸ್ಸೆಲ್ಸಿ ಪಾಸಾದಳು. ಟಿಕ್ ಪೂರಾ ಹೋಗಿರಲಿಲ್ಲ, ಅದರ ಅಂಜಿಕೆ ಹೋಗಿತ್ತು. ಫಲಿತಾಂಶ ಕೇಳಿದ ದ್ಯಾಮಕ್ಕ ನಡುಬೀದಿಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದಳು: "ನನ್ನ ಮಗಳು ಫಸ್ಟ್ ಕ್ಲಾಸ್ ಬಂದಾಳ, ಬರ್ರೆವಾ, ಸಕ್ಕರಿ ತಗೊಳ್ರಿ!"