ಸಾಕ್ಷಿ ಹೇಳುವ ಹಿಂದಿನ ರಾತ್ರಿ

ನಾನು ಕುಡಿಯುವವನಲ್ಲ. ಆ ರಾತ್ರಿ ಜ್ವರವೂ ಇರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ರಾಮನಗರದಲ್ಲಿ ನನ್ನದೊಂದು ರೇಷ್ಮೆ ನೂಲು ತೆಗೆಯುವ ಶೆಡ್ ಇದೆ. ರೇಷ್ಮೆಗೂಡು ಬೇಯುವಾಗ ಹಬೆ ತುಂಬಿಕೊಂಡು ಎದುರಿಗಿರುವವರ ಮುಖವೂ ಕಾಣುವುದಿಲ್ಲ. ಯಾರು ಬಂದರು, ಯಾರು ಹೋದರು ಎಂಬುದನ್ನು ನಾವು ದನಿಯಿಂದಲೇ ತಿಳಿಯುತ್ತೇವೆ.

ಕಳೆದ ವರ್ಷ ಆ ಹಬೆಯೊಳಗೆ ಯಾರೋ ನಮ್ಮ ಕೆಲಸಗಾರ ಮರಿಸ್ವಾಮಿಯನ್ನು ತಲೆಗೆ ಹೊಡೆದು ಕೊಂದರು. ಹೊಡೆತದ ಸದ್ದಿನ ಹಿಂದೆಯೇ ಹತ್ತಿರದಲ್ಲಿದ್ದ ನನಗೆ ಮೆಲ್ಲಗೆ ಒಂದು ಮಾತು ಕೇಳಿಸಿತ್ತು... "ಮನಿಕೋ ಕಣ್ಲಾ ಮರಿ."

ಅದು ಇನ್ನೊಬ್ಬ ಕೆಲಸಗಾರ ಸಿದ್ದರಾಜನ ದನಿ ಎಂದು ಪೊಲೀಸರಿಗೆ ಹೇಳಿದೆ. ನನ್ನ ಮಾತಿನ ಮೇಲೆಯೇ ಅವನು ಜೈಲಿಗೆ ಹೋದ. ಕೋರ್ಟಿನಲ್ಲಿ ಅದನ್ನೇ ಹೇಳಬೇಕಾದ ದಿನದ ಹಿಂದಿನ ರಾತ್ರಿ ಇದು ನಡೆದದ್ದು.

ಸಾಕ್ಷಿಕಟ್ಟೆಯಲ್ಲಿ ಹೇಗೆ ನಿಲ್ಲುವುದೋ ನೋಡೋಣವೆಂದು ಊಟಕ್ಕೆ ಮುಂಚೆ ಮೊಬೈಲಿನಲ್ಲಿ ಕೋರ್ಟಿನ ಸಿನಿಮಾ ಹುಡುಕಿದೆ. ಸಿಕ್ಕಿದ್ದು ಬ್ರಿಟಿಷರದೊಂದು ಕಪ್ಪು-ಬಿಳುಪು ಕೊಲೆ ಕತೆ. ಸಿನಿಮಾಕ್ಕೆ ಆಗತಾನೆ ಮಾತು ಬಂದ ಕಾಲದ್ದು. ಮಾತಿಗಿಂತ ಕರಕರ ಸದ್ದೇ ಹೆಚ್ಚು.

"ಲಂಡನ್ ಜಡ್ಜ್ ತಾವ ಕಲ್ತು ರಾಮನಗರದಲ್ಲಿ ಹೇಳ್ತೀರಾ?" ಅಡುಗೆಮನೆಯಿಂದ ಹೆಂಡತಿ ಜಯಮ್ಮ ನಕ್ಕಳು.

"ಒಸಿ ಸುಮ್ಕಿರಮ್ಮಿ."

ಪರದೆಯ ಮೇಲೆ ಆರೋಪಿ, ತೆಳ್ಳಗಿನ ಬಿಳಿಯ, ಕಟಕಟೆಯಲ್ಲಿ ನಿಂತಿದ್ದ. ಬಾಯಿ ತೆರೆದ. ಕರಕರ ನಿಂತುಹೋಯಿತು... ಬೆಂದ ಗೂಡಿನ ವಾಸನೆ ಮೂಗಿಗೆ ಬಡಿಯಿತು. ಶೆಡ್ ಇರುವುದು ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ.

"ಮನಿಕೋ ಕಣ್ಲಾ ಮರಿ."

ಅದೇ ದನಿ. ಅದೇ ಎಳೆತ.

ಸಿನಿಮಾವನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದೆ. ಇಂಗ್ಲಿಷ್. ಇನ್ನೊಮ್ಮೆ ಹಾಕಿದೆ... ಇಂಗ್ಲಿಷೇ.

ಜಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು. "ಯಾರ್ ಬಂದಿದ್ದು? ಯಾರ್ಗೋ ಮನಿಕೋ ಅಂದಂಗಾಯ್ತು."

ಆ ಮಾತನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

"ಸಿದ್ದರಾಜನ ದನಿ ಥರ ಇತ್ತಾ?" ಪಿಸುಗುಟ್ಟಿದೆ.

"ಅವಂದಾ? ಅಲ್ಲ ಬುಡಿ! ನಮ್ಮನೇಲಿ ಎಷ್ಟ್ ಸಲ ಕಾಫಿ ಕುಡ್ದವ್ನೆ, ನಂಗೊತ್ತಾಗಕಿಲ್ವಾ?"

ಬೆಳಗಿನವರೆಗೆ ನಿದ್ದೆ ಬರಲಿಲ್ಲ. ಕೋರ್ಟಿನಲ್ಲಿ, "ದನಿ ಕೇಳಿದ್ದು ನಿಜ. ಯಾರದೆಂದು ಹೇಳಲಾರೆ" ಎಂದೆ. ಕೆಲವು ತಿಂಗಳಲ್ಲಿ ಸಿದ್ದರಾಜ ಬಿಡುಗಡೆಯಾದ. ಬೇರೆ ಯಾರೂ ಸಿಕ್ಕಿಲ್ಲ.

ಮೊನ್ನೆ ಗೂಡಿನ ಮಾರುಕಟ್ಟೆಯಲ್ಲಿ ಮರಿಸ್ವಾಮಿಯ ಹೆಂಡತಿ ಅಡ್ಡ ನಿಂತಳು. "ಯಾಕಣ್ಣ ಮಾತು ತಿರುಗಿಸ್ಬುಟ್ಟೆ? ಅವನೇನ್ ನಿನ್ ತಮ್ಮನಾ?"

ಗೂಡಿನ ಚೀಲ ಹೆಗಲಿಗೇರಿಸಿಕೊಂಡು ಪಕ್ಕಕ್ಕೆ ಸರಿದು ನಡೆದೆ. ಆ ರಾತ್ರಿ ಆ ದನಿ ಬಂದದ್ದು ತಪ್ಪು ಮಾಡದವನನ್ನು ಬಿಡಿಸಲೋ, ಕೊಂದವನನ್ನೇ ಪಾರು ಮಾಡಲೋ... ನನಗೆ ಇಂದಿಗೂ ತಿಳಿಯದು.