ಬೋಲ್ಟಿನ ಮೇಲಿನ ಕುಂಕುಮ

ಕುರುಗೋಡಿನಲ್ಲಿ ಅರವತ್ತು ದಾಟಿದ ಹೆಂಗಸರಿಗೇನು ಬರವಿಲ್ಲ. ಆದರೆ ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕುವವಳು ಚನ್ನವೀರಮ್ಮ ಒಬ್ಬಳೇ. ಗಂಡ ದೊಡ್ಡಬಸಪ್ಪ ತೀರಿಕೊಂಡ ಮೇಲೆ ಹಳೆಯ ಮಾರುತಿ ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಕಾಲುವೆ ದಂಡೆಯ ಮೇಲೆ ಅದನ್ನೇ ಓಡಿಸಿ ಓಡಿಸಿ ಡ್ರೈವಿಂಗ್ ಕಲಿತ ಗಟ್ಟಿಗಿತ್ತಿ ಈಕೆ. ಕಲಿಯುವಾಗ ಒಂದು ಬಣವೆಗೆ ಗುದ್ದಿದ್ದಳು. ಇವತ್ತಿಗೂ ಒಪ್ಪುವುದಿಲ್ಲ, ಬಣವೆಯೇ ಅಡ್ಡ ಬಂತು ಎನ್ನುತ್ತಾಳೆ. ಇನ್ನು ಹಾರ್ನ್ ಹೊಡೆಯುವುದರಲ್ಲಂತೂ ಯಾವ ಲಾರಿಯವನಿಗೂ ಸೋಲುವವಳಲ್ಲ.

ಆ ಕಾರಿಗೆ ಈಗ ಒಂದೇ ಕೆಲಸ. ಹಿಂದಿನ ಓಣಿಯ ಊರಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಬಳ್ಳಾರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಹೋಗುವಾಗ ಬಸ್ಸಾದರೂ ನಡೆದೀತು. ಬರುವಾಗ ಜೀವ ಹಿಂಡಿ ಹಾಕಿದಂತಾಗಿ ಒಮ್ಮೆ ಬಸ್ ಸ್ಟ್ಯಾಂಡಿನಲ್ಲೇ ಕುಸಿದು ಬಿದ್ದಿದ್ದಳು. ಅಂದಿನಿಂದ ಚನ್ನವೀರಮ್ಮನೇ ಕರೆದೊಯ್ದು ಕರೆತರುತ್ತಾಳೆ.

ಆದರೆ ಆ ಓಡಾಟ ಶುರುವಾದಾಗಿನಿಂದಲೇ ಕಾರು ಆಯಿಲ್ ಕಾರತೊಡಗಿತ್ತು. ಇಂಜಿನ್ನಿನ ನೆತ್ತಿಗೊಂದು ಮುಚ್ಚಳ ಇರುತ್ತದೆ, ವಾಲ್ವ್ ಕವರ್ ಅಂತ. ಅದರ ಅಂಚಿನಿಂದ ಜಿನುಗಿದ ಆಯಿಲ್ ಸುಡುವ ಪೈಪಿನ ಮೇಲೆ ಬಿದ್ದು ಕಾರಿನ ತುಂಬ ಕಮಟು ಹೊಗೆ. ಮುಚ್ಚಳದ ಕೆಳಗಿನ ರಬ್ಬರ್ ಗ್ಯಾಸ್ಕೆಟ್ಟನ್ನು ಮೆಕ್ಯಾನಿಕ್ ಕೆಂಚಣ್ಣ ಎರಡು ಸಲ ಬದಲಿಸಿದರೂ ಸೋರುವುದು ನಿಲ್ಲಲಿಲ್ಲ. ಸಿರುಗುಪ್ಪದಲ್ಲಿ ಬೀಜದ ಅಂಗಡಿ ಇಟ್ಟಿರುವ ಮಗ ಗವಿಸಿದ್ದೇಶ್ ರೇಗಿದ.

"ಅವ್ವಾ, ಹಾದ್ಯಾಗ ಬೆಂಕಿ ಹತ್ತಿದ್ರ ಏನ್ ಮಾಡ್ತಿ? ನಾಳೆ ಸಂಜಿಗೆ ಗುಜರಿಯವ್ರನ್ನ ಕರ್ಕೊಂಡು ಬರ್ತೀನಿ. ಕೊಟ್ಟುಬಿಡು."

"ಅಷ್ಟರಾಗ ಸೋರೋದು ನಿಂತ್ರ?"

"ನಿಂತ್ರ ಇಟ್ಕೋ."

ಮಗನದೂ ತಪ್ಪಲ್ಲ. ತಾಯಿಯ ಮೇಲಿನ ಜೀವ ಅವನಿಂದ ಹಾಗೆ ಆಡಿಸಿತ್ತು.

ಮರುದಿನ ಭಾನುವಾರ. ಕೆಂಚಣ್ಣ ಮದುವೆಗೆಂದು ಹಲಕುಂದಿಗೆ ಹೋಗಿದ್ದ. ಚನ್ನವೀರಮ್ಮ ಹೊಸ ಗ್ಯಾಸ್ಕೆಟ್ ತರಿಸಿ, ಸೆರಗು ಸೊಂಟಕ್ಕೆ ಸಿಗಿಸಿ ತಾನೇ ಕೆಲಸಕ್ಕಿಳಿದಳು. ಎರಡು ಸಲವೂ ಕೆಂಚಣ್ಣನ ಬೆನ್ನಿಗೇ ನಿಂತು ನೋಡಿದ್ದು ಸುಮ್ಮನೆಯೇ? ತಣ್ಣಗಾದ ಇಂಜಿನ್ನಿನ ಮೇಲಿಂದ ಏರ್ ಫಿಲ್ಟರಿನ ಡಬ್ಬಿ ತೆಗೆದಿಟ್ಟು ಬೋಲ್ಟಿಗೆ ಪಾನಾ ಹಾಕಿದಳು.

ಬೋಲ್ಟಿನ ಕೆಳಗಿನ ವಾಷರ್ ವಾರೆಯಾಗಿ ಕೂತಿತ್ತು. ಯಾಕೆಂದು ನೋಡಿದವಳ ಕೈ ಅಲ್ಲೇ ನಿಂತಿತು. ಪ್ರತಿ ಆಯುಧ ಪೂಜೆಗೂ ದೊಡ್ಡಬಸಪ್ಪ ಆ ಮುಚ್ಚಳಕ್ಕೆ ವಿಭೂತಿ ಬಳಿದು, ಒಂದೊಂದು ಬೋಲ್ಟಿಗೂ ಕುಂಕುಮ ಇಡುತ್ತಿದ್ದ. ಹಳೆಯದನ್ನು ಒರೆಸುತ್ತಿರಲಿಲ್ಲ. ಆಯಿಲ್ ಕುಡಿದು, ಕಾವಿಗೆ ಬೆಂದು ಅದು ವಾಷರಿನ ಕೆಳಗೂ ಇಳಿದು ಬೋಲ್ಟಿನ ಬುಡದಲ್ಲಿ ಕಲ್ಲಾಗಿತ್ತು. ವಾಷರ್ ಅದರ ಮೇಲೆ ಕೂತರೆ ಮುಚ್ಚಳ ಸರಿಯಾಗಿ ಬಿಗಿಯುವುದಾದರೂ ಹೇಗೆ? ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಅಷ್ಟೇ.

ಕೆಂಚಣ್ಣನಿಗೆ ಫೋನ್ ಹಚ್ಚಿದಳು. "ಬೋಲ್ಟಿನ ಬುಡದಾಗಿನ ಕುಂಕುಮ ನಿನಗ ಕಂಡಿತ್ತೇನಪಾ?"

"ಕಂಡಿತ್ರೀ ಅಮ್ಮಾ," ಎಂದ ಕೆಂಚಣ್ಣ, ವಾಲಗದ ಸದ್ದಿನ ನಡುವೆ. "ದೇವ್ರ ಕುಂಕುಮ, ಅದ್ರಾಗ ಯಜಮಾನ್ರು ಕೈಯಾರೆ ಇಟ್ಟಿದ್ದು. ನಾ ಹೆಂಗ ಕೆರೀಲಿ ಹೇಳ್ರಿ?"

"ಆತು, ಉಂಡು ಬಾರಪಾ," ಎಂದು ಆಕೆ ಫೋನ್ ಇಟ್ಟಳು.

ಗಂಡ ಹೋದ ದಿನ ಓಣಿಯ ಹೆಂಗಸರು ಹಣೆಗೆ ಕೈ ಹಾಕಲು ಬಂದಾಗ, "ನನ್ನ ಹಣಿ ಮುಟ್ಟಬ್ಯಾಡ್ರಿ!" ಎಂದು ಗುಡುಗಿದ್ದವಳು ಈಕೆ. ಕಾಸಿನಗಲದ ಕುಂಕುಮ ಇಂದಿಗೂ ಹಣೆಯಲ್ಲಿದೆ. ಅಂಥವಳು ಗಂಡನ ಬೆರಳು ಇಟ್ಟ ಕುಂಕುಮವನ್ನು ತನ್ನ ಕೈಯಾರೆ ಅಳಿಸಬೇಕು! ಮುಚ್ಚಳ ಎತ್ತಿ, ತೆರೆದ ಇಂಜಿನ್ನಿಗೆ ಶುಚಿಯಾದ ಬಟ್ಟೆ ಹೊದಿಸಿ, ಮುಚ್ಚಳವನ್ನು ಮನೆ ಮುಂದಿನ ಕಟ್ಟೆಗೆ ತಂದು ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ತುಂಬಿ ಬಂತು.

"ಏನ್ರೀ," ಎಂದಳು ಮುಚ್ಚಳಕ್ಕೆ, "ನಾಳೆ ಊರಮ್ಮನ್ನ ಕರ್ಕೊಂಡು ಹೋಗಬೇಕೈತಿ. ಸಿಟ್ಟಾಗಬ್ಯಾಡ್ರಿ."

ಕೆರೆದಳು. ಒಂದಿಷ್ಟೂ ಬಿಡದೆ ಕೆರೆದು, ಪುಡಿಯನ್ನು ಬಿಲ್ವದ ಗಿಡದ ಬುಡಕ್ಕೆ ಹಾಕಿದಳು. ಮುಚ್ಚಳವನ್ನು ಪೆಟ್ರೋಲಿನಲ್ಲಿ ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಈ ಬೋಲ್ಟಿಗೊಂದು ಸುತ್ತು ಆ ಬೋಲ್ಟಿಗೊಂದು ಸುತ್ತು ಎಂದು ಸಮನಾಗಿ ಬಿಗಿದಳು.

ಸಂಜೆ ಗವಿಸಿದ್ದೇಶ್ ಗುಜರಿಯವನೊಂದಿಗೆ ಬಂದ. ಚನ್ನವೀರಮ್ಮ ಇಂಜಿನ್ ಚಾಲೂ ಮಾಡಿದಳು. ಅದು ಚೆನ್ನಾಗಿ ಕಾದ ಮೇಲೂ ಹೊಗೆ ಇಲ್ಲ. ಮಗ ಬಗ್ಗಿ, ಮುಚ್ಚಳದ ಅಂಚಿಗೆ ತನ್ನ ಬಿಳಿ ಕರವಸ್ತ್ರ ಒತ್ತಿ ನೋಡಿದ. ಅದು ಬಿಳಿಯಾಗೇ ಇತ್ತು.

"ನೀವು ಹೋಗ್ರಣ್ಣಾ," ಎಂದ ಗುಜರಿಯವನಿಗೆ.

ಸೋಮವಾರ ಬಳ್ಳಾರಿಯಿಂದ ಹಿಂದಿರುಗುವಾಗ ಚನ್ನವೀರಮ್ಮನಿಗೆ ಏನೋ ಬೇರೆಯಾದಂತೆ ಕಂಡಿತು. ಪಕ್ಕದಲ್ಲಿದ್ದ ಊರಮ್ಮನ ಕೈ ಯಾವಾಗಲೂ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಇಂದು ಮಡಿಲಲ್ಲಿತ್ತು.

"ಯಾಕ, ಇವತ್ತು ಬಾಗ್ಲಾ ಹಿಡ್ಕಂಡಿಲ್ಲಲ್ಲ?"

"ಹೊಗಿ ಬಂದಾಗ ಬೆಂಕಿ ಹತ್ತಿದ್ರ ಹಾರಾಕ ಹಿಡ್ಕಂತಿದ್ದೆ, ಅಕ್ಕಾ."

"ಅಯ್ಯ, ಇಷ್ಟು ದಿನ ಒಂದ್ ಮಾತು ಹೇಳಬಾರ್ದಾ?"

"ಹೇಳಿದ್ರ ನೀನು ಕಾರು ನಿಲ್ಲಿಸಿಬಿಡ್ತಿದ್ದಿ," ಎಂದ ಊರಮ್ಮ ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಆ ಕಾರಿನಲ್ಲಿ ಆಕೆಗೆ ಕಣ್ಣು ಹತ್ತಿದ್ದು ಅದೇ ಮೊದಲು.

ಚನ್ನವೀರಮ್ಮ ಕುರುಗೋಡು ಮುಟ್ಟುವ ತನಕ ಹಾರ್ನ್ ಹೊಡೆಯಲಿಲ್ಲ.