ಬಂದ ದಿನದ ಲೆಕ್ಕ

ಲಿಫ್ಟ್ ರಿಪೇರಿಯವನನ್ನು ಎಲ್ಲರೂ ಮಹಡಿಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡಿದ ಆಸಾಮಿ. ಆ ಕತ್ತಲ ಬಾವಿಯೊಳಗೆ ಗ್ರೀಸಿನ ವಾಸನೆಯ ನಡುವೆ ಮೆಲ್ಲಗೆ ಏರುತ್ತಿದ್ದರೆ, ಪ್ರತಿ ಮಹಡಿಯ ಬಾಗಿಲ ಸಂದಿನಿಂದ ಒಂದೊಂದು ಗೀರು ಬೆಳಕು ಬಂದು ಅವನ ಮುಖದ ಮೇಲೆ ಹರಿದು ಇಳಿದುಹೋಗುತ್ತಿತ್ತು. ಎರಡು ಗೀರುಗಳ ನಡುವೆ ತಾನು ಎಲ್ಲಿದ್ದೇನೆ ಎಂಬುದೇ ಅವನಿಗೆ ಮರೆತುಹೋಗುತ್ತಿತ್ತು. ಆ ಮರೆವು ಅವನಿಗೆ ಬಲು ಇಷ್ಟ. ಕಟ್ಟಿಕೊಂಡವಳಿಗೆ ಅಷ್ಟೇನೂ ಇಷ್ಟವಿರಲಿಲ್ಲ.

ಪರದೇಶದ ಕಂಪನಿಯೊಂದು ಕೆಲಸಕ್ಕೆ ಕರೆದಾಗ ಹೆಂಡತಿ ಬಾಗಿಲಿಗೆ ಒರಗಿ ಒಂದೇ ಮಾತು ಕೇಳಿದಳು. “ರೀ, ನೀವು ಅಲ್ಲಿಯವರೇ ಆಗಿಬಿಡ್ತೀರೇನು?”

“ಹುಚ್ಚಿ! ಅರ್ಧ ವರ್ಷಕ್ಕಿಂತ ಒಂದು ದಿನವೂ ಹೆಚ್ಚು ಅಲ್ಲಿರಲ್ಲ. ನಾನು ಈ ಮನೆಯವನೇ.”

ಈ ಅರ್ಧ ವರ್ಷದ ಮಾತು ಅವನಿಗೆ ಕಂಪನಿಯವರಿಂದ ಸಿಕ್ಕಿದ್ದು. ನೂರ ಎಂಬತ್ತಮೂರು ದಿನ ದಾಟಿದರೆ ಆ ದೇಶ ಅವನನ್ನು ತನ್ನ ನಿವಾಸಿ ಎಂದು ಬರೆದುಕೊಂಡು ತೆರಿಗೆ ಕೇಳುತ್ತದೆ ಎಂದಿದ್ದರು. ತೆರಿಗೆಗೆ ಅವನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಕೊಟ್ಟ ಮಾತಿಗೆ ಕೆಡಿಸಿಕೊಂಡ.

ಕಂಪನಿ ಕೊಟ್ಟ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ, ಗೋಡೆಗೊಂದು ಕ್ಯಾಲೆಂಡರ್. ಅಲ್ಲಿ ಕಳೆದ ದಿನಕ್ಕೆಲ್ಲ ಪೆನ್ಸಿಲ್ ಗೀರು ಎಳೆಯುತ್ತಿದ್ದ. ಆ ವರ್ಷ ಒಂಬತ್ತು ಸಲ ಅಲ್ಲಿಗೆ ಹೋದ, ಒಂಬತ್ತು ಸಲ ಮನೆಗೆ ಬಂದ. ವಿಮಾನದ ಕಿಟಕಿಯಿಂದ ಮೋಡ ನೋಡುತ್ತಾ ಅದನ್ನೂ ದೊಡ್ಡದೊಂದು ಲಿಫ್ಟು ಅಂದುಕೊಳ್ಳುತ್ತಿದ್ದ. ಬೆಳಿಗ್ಗೆ ಎದ್ದರೆ ಕಿಟಕಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತಡಕಾಡಿದ ಮೇಲೆಯೇ ಯಾವ ದೇಶ ಎಂದು ತಿಳಿಯುತ್ತಿತ್ತು.

ವರ್ಷ ಮುಗಿದಾಗ ಗೀರುಗಳು ನೂರ ಎಪ್ಪತ್ತೆಂಟು. ಗೆದ್ದೆ ಅಂದುಕೊಂಡ. ಹೊಸ ವರ್ಷದಲ್ಲಿ ತಿರುಗಿ ಹೋದವನು, ಇನ್ನೆರಡು ವರ್ಷಕ್ಕೆ ಕಂಪನಿ ಕೊಟ್ಟ ಹೊಸ ಕರಾರು ಪತ್ರವನ್ನು ದಿಂಬಿನ ಕೆಳಗಿಟ್ಟು, ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ತೆರಿಗೆ ಸಲಹೆಗಾರ್ತಿಯ ಕಚೇರಿಗೆ ಹೋದ.

ಆಕೆ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ನೋಡಿ ಕೇಳಿದಳು. “ಇಲ್ಲಿಗೆ ಬಂದಿಳಿದ ದಿನಗಳನ್ನ ಯಾಕೆ ಬಿಟ್ಟಿದೀರಿ?”

“ಅದು ಸೊನ್ನೆ ಅಲ್ವಾ ಮೇಡಂ? ಹತ್ತೋ ಜಾಗ ನೆಲಮಹಡಿ. ಒಂದು ಅನ್ನೋದು ಅದರ ಮೇಲಿನಿಂದ ಶುರು.”

ಲಿಫ್ಟಿನವನಲ್ಲದೆ ಬೇರೆ ಯಾರ ತಲೆಗೂ ಹೊಳೆಯದ ಲೆಕ್ಕ ಇದು. ಆಕೆಗೆ ನಗು ಬಂತು, ತಡೆದುಕೊಂಡಳು. “ಬಂದ ದಿನಾನೂ ದಿನವೇ. ಒಂಬತ್ತು ಸೇರಿಸಿ. ನೂರ ಎಂಬತ್ತೇಳು. ನೀವು ಇಲ್ಲಿನ ನಿವಾಸಿ.”

ಮಹಡಿಯಣ್ಣ ಕ್ಯಾಲೆಂಡರನ್ನು ತನ್ನತ್ತ ಎಳೆದುಕೊಂಡು ಗೀರುಗಳನ್ನು ಮೊದಲಿನಿಂದ ಎಣಿಸತೊಡಗಿದ.

“ಗಾಬರಿ ಬೇಡ,” ಎಂದಳು ಆಕೆ. “ಪ್ರಯಾಣದ ದಿನಗಳನ್ನ ನಿಮ್ಮ ದೇಶವೂ ಎಣಿಸತ್ತೆ. ಆ ದಿನ ನೀವು ಎರಡೂ ಕಡೆ ಇದ್ದ ಹಾಗೆ. ಇಬ್ಬರೂ ನಮ್ಮವನು ಅಂದಾಗ ಎರಡು ದೇಶಗಳ ಒಪ್ಪಂದ ನೋಡ್ತೀವಿ. ಕಾಯಂ ಮನೆ ಎಲ್ಲಿದೆ, ಬದುಕಿನ ನಂಟು ಎಲ್ಲಿ ಹೆಚ್ಚು ಅಂತ ಕೇಳತ್ತೆ ಅದು. ಮನೆ ಪತ್ರ, ಕರೆಂಟು ಬಿಲ್ಲು, ನಿಮ್ಮ ಸಾಮಾನಿನ ಫೋಟೋ, ಏನಿದ್ರೂ ತರಿಸಿ.”

ಒಂದೇ ದಿನ ಎರಡೂ ಕಡೆ! ಬೀದಿಗಿಳಿದವನು ಗಾಳಿಯಲ್ಲಿ ತೇಲುತ್ತಿರುವವನಂತೆ ನಡೆದ. ಮಾತು ತಪ್ಪಿದ್ದನ್ನು ಹೇಗೆ ಹೇಳುವುದೆಂದು ಮೂರು ಸಲ ಫೋನು ತೆಗೆದು ಮೂರು ಸಲ ಜೇಬಿಗೆ ಹಾಕಿದ. ನಾಲ್ಕನೇ ಸಲ ಹೇಳಿಯೇಬಿಟ್ಟ.

“ಗೊತ್ತು ಕಣ್ರೀ,” ಎಂದಳು ಹೆಂಡತಿ. “ನಾನೂ ಎಣಿಸಿದ್ದೆ. ನೂರ ಎಂಬತ್ತೇಳು.”

“ಮತ್ತೆ ಹೇಳಲೇ ಇಲ್ಲ?”

“ನಿಮ್ಮ ಬಾಯಿಂದಲೇ ಬರ್ಲಿ ಅಂತ ಹೊಟ್ಟೆಯಲ್ಲೇ ಇಟ್ಕೊಂಡೆ.”

ಸಂಜೆ ಫೋಟೋಗಳು ಬಂದವು. ಅವನ ಚಪ್ಪಲಿ. ಅವನ ಹಳೆಯ ಸ್ಪಾನರ್ ಪೆಟ್ಟಿಗೆ. ಕೊನೆಯದು ಮುಂಬಾಗಿಲ ಒಳಮೈ. ಅಲ್ಲಿನ ಮೊಳೆಗೊಂದು ಕಾರ್ಡು ತೂಗುತ್ತಿತ್ತು. ಲಿಫ್ಟಿನ ಯಂತ್ರದ ಕೋಣೆಗಳಲ್ಲಿ ಇರುತ್ತದಲ್ಲ, ರಿಪೇರಿಗೆ ಬಂದವನು ತುಂಬಬೇಕಾದ ಕಾರ್ಡು, ಅದೇ; ಅವನ ಪೆಟ್ಟಿಗೆಯಿಂದ ತೆಗೆದದ್ದು. ‘ಬಂದ ತಾರೀಖು’ ಎಂಬಲ್ಲಿ ಒಂಬತ್ತು ತಾರೀಖು, ಹೆಂಡತಿಯ ಗುಂಡನೆಯ ಅಕ್ಷರದಲ್ಲಿ. ಅವನು ಮನೆಯಲ್ಲಿದ್ದಾಗ ಹಗಲೆಲ್ಲ ಬಾಗಿಲು ಗೋಡೆಗೆ ತಾಗುವಷ್ಟು ತೆರೆದೇ ಇರುತ್ತಿತ್ತು; ರಾತ್ರಿ ಹಾಕುವವಳು ಹೆಂಡತಿ. ಅದರ ಹಿಂದೆ ಏನಿದೆ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ‘ಮುಂದಿನ ಭೇಟಿ’ ಎಂಬ ಖಾನೆ ಒಂಬತ್ತು ಸಾಲಿನಲ್ಲೂ ಖಾಲಿ.

ಅವನಿಗೆ ಅಳು ಬಂತು. ಬೆಳೆದ ಗಂಡಸು, ಮಂಚದ ತುದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ದಿಂಬಿನ ಕೆಳಗಿದ್ದ ಕರಾರು ಪತ್ರವನ್ನು ಸಹಿ ಮಾಡದೆ ಲಕೋಟೆಗೆ ಹಾಕಿ ಅಂಟಿಸಿದ.

“ಆ ಕೊನೇ ಖಾನೆ ಇದೆಯಲ್ಲ, ಬರ್ಕೋ,” ಎಂದ ಫೋನಿನಲ್ಲಿ. “ಮೂವತ್ತನೇ ತಾರೀಖು.”

ಪೆನ್ನು ಹುಡುಕುವ ಸದ್ದು ಕೇಳಿಸಿತು. “ಬರ್ದೆ. ಹೊರಡೋದು ಯಾವತ್ತು?”

“ಸರಿಯಾಗಿ ನೋಡು. ಆ ಕಾರ್ಡಿನಲ್ಲಿ ಹೊರಡೋದಕ್ಕೆ ಖಾನೇನೇ ಇಲ್ಲ.”